ಮದುವೆ ತಡೆಯಲು ಹಿಂದೆ ಹೋದ ಹುಡುಗಿ

ಮೊಮ್ಮಗಳು ಅವತ್ತು ನನಗೆ ಕಥೆ ಹೇಳಲಿಲ್ಲ. ಸೋದರಮಾವನನ್ನು ಮಾಡಿಕೊಳ್ಳುವುದಿಲ್ಲ ಅಂತ ಹೇಳಿದಳು. ಉಳಿದದ್ದೆಲ್ಲ ಸುತ್ತಿ ಬಳಸಿದ ಮಾತು.

ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ತರುವುದುಂಟು. ನಾನೂ ಸೋದರಮಾವನನ್ನೇ ಮಾಡಿಕೊಂಡವಳು. ದೋರನಹಳ್ಳಿಯಲ್ಲಿ ಹೊಲ ನೋಡಿಕೊಂಡಿರುವ ಕಿರಿಮಗನಿಗೆ ಈಕೆಯನ್ನು ಕೇಳಲು ಶಹಾಪುರಕ್ಕೆ, ಮಗಳ ಮನೆಗೆ ಹೋಗಿದ್ದೆ. ಮಗಳು ಹೂಂ ಅಂದಿದ್ದಳು.

ಮಧ್ಯಾಹ್ನ ಶೇಂಗಾ ಸುಲಿಯುತ್ತಿದ್ದಾಗ ಹುಡುಗಿ ತಾನಾಗಿ ಬಂದು ಪಕ್ಕದಲ್ಲಿ ಕೂತಳು. ಕರೆಯದೆ ಕೆಲಸಕ್ಕೆ ಬರುವವಳಲ್ಲ. ಅಲ್ಲೇ ಗುಮಾನಿ ಬಂತು.

“ಆಯಿ, ಒಂದ್ ಕಥಿ ಬರ್ಯಾಕತ್ತೀನಿ. ಒಬ್ಬಾಕಿ ಹುಡುಗಿ ಮಷೀನಿನ್ಯಾಗ ಕುಂತು ಹಿಂದಿನ ಕಾಲಕ್ಕ ಹೋಗ್ತಾಳ. ತನ್ನ ಆಯಿ ಮದವಿ ನಿಲ್ಲಸ್ತಾಳ.”

“ಯಾಕ? ಆಯಿ ಬ್ಯಾಡ ಅಂದಿದ್ಲೇನು?”

“ಆಯಿಗಿ ಯಾರೂ ಕೇಳಿದ್ದೇ ಇಲ್ಲ.”

ನಾನು ಅವಳ ಮುಖ ನೋಡಿದೆ. ಅವಳು ಶೇಂಗಾ ನೋಡಿದಳು.

“ಆಯಿ ಮದವಿ ನಿಂತ್ರ ಆಕಿ ಅವ್ವ ಹುಟ್ಟಲ್ಲ, ಆಕಿನೂ ಹುಟ್ಟಲ್ಲ. ಮತ್ತ ನಿಲ್ಲಸಾಕ ಹೋದಾಕಿ ಯಾರು?” ಅಂದೆ.

“ಅದೇ ನೋಡು ತೊಡಕು. ಹುಟ್ಟಲಿಲ್ಲಂದ್ರ ನಿಲ್ಲಸಾಕ ಯಾರೂ ಬರಲ್ಲ, ಮದವಿ ಆಗ್ತದ. ಆದ್ರ ಹುಡುಗಿ ಹುಟ್ತಾಳ, ಮತ್ತ ನಿಲ್ಲಸಾಕ ಹೋಗ್ತಾಳ. ಮುಗಿಯಂಗೇ ಇಲ್ಲ. ಕೆಲವರು ಲೋಕ ಎರಡಾಗ್ತದ ಅಂತ ಬರೀತಾರ. ಒಂದ್ರಾಗ ಮದವಿ ಆಗ್ತದ, ಇನ್ನೊಂದ್ರಾಗ ಇಲ್ಲ.”

“ಅಂದ್ರ ಆಗಿದ್ದು ಆಗೇ ಉಳೀತು. ಹೋಗಿ ಏನ್ ಕಡದಂಗಾತು?”

ಅವಳು ಸಿಪ್ಪೆಯನ್ನು ಬುಟ್ಟಿಗೆ, ಕಾಳನ್ನು ಕಸಕ್ಕೆ ಹಾಕುತ್ತಿದ್ದಳು.

“ಯಾರನ್ನರ ನೋಡಿ ಇಟ್ಟೀಯೇನು?”

“ಇಲ್ಲ. ನಿನ್ನಾಣಿ.”

“ಮತ್ತ ಇನ್ನಾ ಆಗದ ಮದವಿ ನಿಲ್ಲಸಾಕ ಮಷೀನ್ ಯಾಕ ಬೇಕು? ಬಾಯಿ ಇಲ್ಲೇನು?”

ಆಗ ತಲೆ ಎತ್ತಿದಳು. “ಮಾಮಾ ನನ್ನ ಎತ್ತಿ ಆಡಿಸ್ಯಾನ, ಆಯಿ. ಗಂಡ ಅಂತ ಹ್ಯಾಂಗ ನೋಡ್ಲಿ? ನೀ ನನಗ ಆಯಿನೂ ಆಗ್ತಿ, ಅತ್ತಿನೂ ಆಗ್ತಿ. ಬೈದ್ರ ಯಾವಾಕಿ ಬೈದ್ಲು ಅಂತ ತಿಳಕೋಬೇಕು?”

“ಇಬ್ಬರೂ ಬೈತೀವಿ. ಮದಲ ಆ ಕಾಳು ಕಸದಾಗಿಂದ ಆರಿಸು.”

ಆರಿಸಿದಳು. ನನ್ನ ಕಾಲದಲ್ಲಿ ನನ್ನನ್ನು ಕೇಳಿದ್ದರೆ ಏನು ಅನ್ನುತ್ತಿದ್ದೆನೋ ಗೊತ್ತಿಲ್ಲ. ಕೇಳಿರಲಿಲ್ಲ, ಅಷ್ಟೆ. ಈಕೆ ಮಾತ್ರ ಕೇಳದೆಯೇ ಹೇಳಿದ್ದಳು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ದೋರನಹಳ್ಳಿಗೆ ಬಂದೆ. ಹೊಲಕ್ಕೆ ಹೊರಟಿದ್ದ ಮಗನನ್ನು ಬಾಗಿಲಲ್ಲೇ ತಡೆದು, ಬೇರೆ ಮನೆಯ ಹುಡುಗಿ ನೋಡೋಣ ಅಂದೆ.

“ಅಕ್ಕ ಒಲ್ಲೆ ಅಂದ್ಲೇನು?”

“ಹುಡುಗಿ ಒಲ್ಲೆ ಅಂದಾಳ,” ಅಂದು, ರೊಟ್ಟಿಗೆ ಹಿಟ್ಟು ನಾದಲು ಒಳಗೆ ಹೋದೆ.