ನೆಲ ನಡುಗಿತೋ, ಕಾಲು ನಡುಗಿತೋ

ಚಿನ್ನದ ಗಣಿಯ ಆಸ್ಪತ್ರೆಗೆ ನರ್ಸ್ ಆಗಿ ಸೇರಿದ ಮೊದಲ ವರ್ಷವೇ ನನ್ನ ಕಾಲುಗಳು ನನ್ನ ಮಾತು ಕೇಳುವುದನ್ನು ಬಿಟ್ಟವು. ನಿಂತಿರುವಷ್ಟು ಹೊತ್ತು ನೋವು. ಅದೇನೂ ದೊಡ್ಡದಲ್ಲ, ಆ ನೋವು ವಾರ್ಡಿನಲ್ಲಿ ದುಡಿಯುವ ಎಲ್ಲರಿಗೂ ಇತ್ತು. ಆದರೆ ಮಲಗಿದರೆ ಬೇರೆಯೇ ಕಾಟ. ಮೀನಖಂಡದ ಒಳಗೆ ಇರುವೆ ಸಾಲು ಹೊರಟ ಹಾಗಾಗುತ್ತಿತ್ತು. ಕಾಲು ಅಲ್ಲಾಡಿಸಿದರೆ ಒಂದು ಗಳಿಗೆ ಸುಮ್ಮನಾಗಿ, ನಿಲ್ಲಿಸಿದ ಕೂಡಲೇ ಮತ್ತೆ ಶುರುವಾಗುತ್ತಿತ್ತು. ಕಣ್ಣು ಹತ್ತುವ ಹೊತ್ತಿಗೆ ಸರಿಯಾಗಿ ಕಾಲು ತಾನಾಗಿ ನಡುಗಿ ಎಗರುತ್ತಿತ್ತು. ಬೇರೆ ಊರಾಗಿದ್ದರೆ ಸುಸ್ತು ಎಂದುಕೊಂಡು ಮಗ್ಗುಲು ಬದಲಿಸಬಹುದಿತ್ತು. ಇಲ್ಲಿ ನೆಲವೂ ನಡುಗುತ್ತಿತ್ತು.

ಗಣಿಯ ಆಳದಲ್ಲಿ ಭಾರ ತಾಳಲಾರದೆ ಬಂಡೆ ಸಿಡಿದರೆ ಅದರ ನಡುಕ ಮೇಲಿನ ಮನೆಗಳಿಗೂ ಮುಟ್ಟುತ್ತಿತ್ತು. ಅಟ್ಟದ ಮೇಲಿನ ಪಾತ್ರೆಗಳು ಗಲಗಲ ಎಂದ ತಕ್ಷಣ ಗಣಿ ಕೆಲಸಗಾರರ ಲೈನುಮನೆಗಳ ಹೆಂಗಸರು ಒಲೆಯ ಮೇಲಿನ ಅನ್ನ ಬಿಟ್ಟು, ಗಣಿಗಿಳಿಯುವ ಶಾಫ್ಟಿನ ಬಾಯಿಯ ಕಡೆ ಓಡುತ್ತಿದ್ದರು. ಎಷ್ಟೋ ಸಲ ಯಾರಿಗೂ ಏನೂ ಆಗಿರುತ್ತಿರಲಿಲ್ಲ. ಆದರೆ ಆದಾಗ ಸ್ಟ್ರೆಚರುಗಳು ನಮ್ಮ ಬಾಗಿಲಿಗೇ ಬರುತ್ತಿದ್ದವು. ನನ್ನ ಅಣ್ಣ ಆ ಆಳದಲ್ಲಿ ಕೆಲಸಕ್ಕಿದ್ದ.

ಬಂಗಾರಪೇಟೆಯ ಹತ್ತಿರದ ನಮ್ಮ ಹಳ್ಳಿಯಲ್ಲಿ, ಹೆಣ್ಣುಮಗಳು ಕಂಡವರ ಮೈ ತೊಳೆಯುವ ಕೆಲಸಕ್ಕೆ ಹೊರಟಳೆಂದರೆ ಮನೆಯ ಮಾನವೇ ಹೋಯಿತು ಎನ್ನುತ್ತಿದ್ದ ಕಾಲ ಅದು. ಅಪ್ಪ ಇರಲಿಲ್ಲ. ದೊಡ್ಡಪ್ಪ ಮಾತು ಬಿಟ್ಟರು. ಅಣ್ಣನೊಬ್ಬನೇ ನನ್ನ ಪರ ನಿಂತು, ಹೊಲದ ಕೆಲಸ ದಾಯಾದಿಗಳಿಗೆ ಬಿಟ್ಟು, ನನ್ನನ್ನು ರೈಲಿನಲ್ಲಿ ಕೂರಿಸಿಕೊಂಡು ಬಂದ. ನಾನು ಆಸ್ಪತ್ರೆ ಸೇರಿದೆ, ಅವನು ನಂದಿದುರ್ಗ ಗಣಿಯ ಲೈನಿನಲ್ಲಿ ಮನೆ ಹಿಡಿದು ಗಣಿಗಿಳಿದ. ನನಗಾಗಿ ಇಳಿದ ಎಂದು ಅವನು ಒಂದು ದಿನವೂ ಅನ್ನಲಿಲ್ಲ. ನನಗೆ ಮಾತ್ರ ಹಾಗೆಯೇ ಅನಿಸುತ್ತಿತ್ತು. ಅವನಿಗೆ ಏನಾದರೂ ಆದರೆ ಎಂಬ ಹೆದರಿಕೆ ನನ್ನನ್ನು ಬಿಡುತ್ತಿರಲಿಲ್ಲ.

ಬೆಳಗಿನ ಕೆಲಸ ಮುಗಿದ ಮೇಲೆ, ಸಂಜೆಯ ಕೆಲಸಕ್ಕೆ ಮುಂಚೆ, ನಮಗೆ ಮಧ್ಯಾಹ್ನ ಸ್ವಲ್ಪ ಹೊತ್ತು ಬಿಡುವು. ಅಣ್ಣ ಕೆಳಗಿರುತ್ತಿದ್ದ ಹೊತ್ತೂ ಅದೇ. ಮಲಗುತ್ತಿದ್ದೆ, ಕಾಲು ನಡುಗುತ್ತಿತ್ತು, ನಡುಗಿದ್ದು ನೆಲ ಎಂದುಕೊಂಡು ಎದ್ದು ಓಡುತ್ತಿದ್ದೆ. ಒಂದು ದಿನ ಬರಿಗಾಲಲ್ಲಿ, ತಲೆ ಕೆದರಿಕೊಂಡು, ಆಸ್ಪತ್ರೆಯ ಗೇಟಿನವರೆಗೂ ಓಡಿದೆ. ಕಾವಲಿನವನು ಸ್ಟೂಲಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, ಒಂದು ಹಿಡಿ ನನ್ನ ಕಡೆಗೂ ಚಾಚಿದ. ನಾಚಿಕೆಯಿಂದ ಸತ್ತುಹೋಗುವಂತಾಯಿತು. ಆದರೂ ಒಳಗೊಳಗೇ ಎಂಥ ಸಮಾಧಾನ. ನಡುಗಿದ್ದು ಕಾಲು, ನೆಲವಲ್ಲ.

ಆಸ್ಪತ್ರೆಯ ವಸತಿಯಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಹಿರಿಯ ನರ್ಸ್ ಲೈನುಮನೆಯಲ್ಲೇ ಹುಟ್ಟಿ ಬೆಳೆದ ತಮಿಳರು. ನಾನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಚ್ಚಿ ಎನ್ನುತ್ತಿದ್ದರು. ಅವರ ನಿದ್ದೆಯೂ ನನ್ನಿಂದ ಹಾಳಾಗಿತ್ತು.

"ಏನ್ ಮಾ, ದಿನಾ ಇದೇ ಆಯ್ತಲ್ಲ," ಎಂದರು. "ತಂಬಿಗೇಲಿ ನೀರಿಟ್ಟಿದ್ದೀನಿ. ನೀರು ಅಲ್ಲಾಡ್ತಾ ನೋಡು ಮೊದ್ಲು. ಆಮೇಲೆ ಓಡು."

ನಿದ್ದೆಯ ಔಷಧಿ ಕೇಳಬಹುದಿತ್ತು. ಆದರೆ ಅದನ್ನು ಕುಡಿದು ಮಲಗಿದ ಹೊತ್ತಿನಲ್ಲೇ ಗಾಯಾಳುಗಳು ಬಂದರೆ ನನ್ನನ್ನು ಎಬ್ಬಿಸುವವರಾರು? ಕೆಲಸದವರು ಯಾರೂ ಅದನ್ನು ಮುಟ್ಟುವಂತಿಲ್ಲ ಎಂದು ದೊಡ್ಡ ಸಿಸ್ಟರ್ ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಔಷಧಿಯಿಲ್ಲದೆಯೇ ಕಾಲನ್ನು ದಾರಿಗೆ ತರಬೇಕಾಯಿತು. ಅಕ್ಕ ಆ ಕೆಲಸವನ್ನು ಮೈಮೇಲೆ ಹಾಕಿಕೊಂಡರು.

ಮೊದಲು ನನ್ನ ಕಾಫಿ ಕಿತ್ತುಕೊಂಡರು. ಬೆಳಗ್ಗೆ ಒಂದು ಲೋಟ, ಆಮೇಲೆ ಇಲ್ಲ. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಎರಡು ದಿನ ಮುಖ ಗಂಟು ಹಾಕಿಕೊಂಡೇ ಓಡಾಡಿದೆ. ಆಮೇಲೆ ನನ್ನ ಕಾಲುಚೀಲ ನೋಡಿ ಹಣೆ ಹಣೆ ಚಚ್ಚಿಕೊಂಡರು. ಅದು ಜಾರದಿರಲೆಂದು ನಾನು ಮೊಣಕಾಲ ಕೆಳಗೆ ಲಂಗದ ಲಾಡಿಯಿಂದ ಬಿಗಿದು ಕಟ್ಟುತ್ತಿದ್ದೆ. ಹಳ್ಳಿಯ ಹುಡುಗಿ, ಅದುವರೆಗೆ ಕಾಲುಚೀಲವನ್ನೇ ಕಂಡವಳಲ್ಲ. ಲಾಡಿ ಕಟ್ಟಿದ ಕಡೆ ಚರ್ಮದಲ್ಲಿ ಕಪ್ಪು ಗೆರೆ ಬಿದ್ದಿತ್ತು. "ರಕ್ತ ಮೇಲಕ್ಕೆ ಹೆಂಗ್ ಬರುತ್ತೆ, ಹಾರ್ಕೊಂಡಾ?" ಎಂದು ಲಾಡಿಯನ್ನು ಕಿಟಕಿಯಾಚೆ ಎಸೆದರು.

ಡಾಕ್ಟರರ ಹಿಂದೆ ಸುಮ್ಮನೆ ನಿಲ್ಲಬೇಕಾದಾಗ ಯಾರಿಗೂ ಕಾಣದಂತೆ ಹಿಮ್ಮಡಿ ಎತ್ತಿ ಇಳಿಸುತ್ತಿರಬೇಕು ಎಂದು ಹೇಳಿಕೊಟ್ಟರು. ಮಧ್ಯಾಹ್ನ ಬಂದ ಕೂಡಲೇ ಬಕೆಟ್ಟಿನ ಬಿಸಿನೀರಿಗೆ ಕಲ್ಲುಪ್ಪು ಹಾಕಿ ಕಾಲು ಇಳಿಬಿಡಬೇಕು. ಒರೆಸಿದ ಮೇಲೆ ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ ಹಿಮ್ಮಡಿಯಿಂದ ಮೊಣಕಾಲಿನ ಕಡೆಗೆ, ಯಾವಾಗಲೂ ಮೇಲ್ಮುಖವಾಗಿ, ಅವರು ನೀವುತ್ತಿದ್ದರು. ಹಿರಿಯರ ಕೈಯಲ್ಲಿ ಕಾಲು ಒತ್ತಿಸಿಕೊಳ್ಳುವುದಕ್ಕೆ ನನಗೆ ಮೊದಮೊದಲು ಪಾಪಪ್ರಜ್ಞೆ. ಕೊನೆಗೆ ನೆಲದ ಮೇಲೆ ಕಂಬಳಿ ಹಾಸಿ, ಗೋಡೆಗೆ ಕಾಲೆತ್ತಿ ಮಲಗುವುದು. ಇಬ್ಬರೂ ಅಕ್ಕಪಕ್ಕ ಹಾಗೆ ಮಲಗಿ ಅವರ ಅತ್ತೆಯನ್ನು ಬೈಯುತ್ತಿದ್ದೆವು.

ಹದಿನೈದು ದಿನವಾಯಿತೋ, ತಿಂಗಳೋ, ನೆನಪಿಲ್ಲ. ಒಂದು ಮಧ್ಯಾಹ್ನ ಗೋಡೆಗೆ ಕಾಲೆತ್ತಿ ಮಲಗಿದ್ದಾಗ ಕಾಲುಗಳು ಪೂರ್ತಿ ಸುಮ್ಮನಾದವು. ಇರುವೆಯಿಲ್ಲ, ಎಗರಾಟವಿಲ್ಲ. ಎಷ್ಟು ಹಗುರ ಎಂದರೆ ನಗು ಬಂತು. ಅಕ್ಕನಿಗೆ ಹೇಳೋಣವೆಂದು ಅವರ ಕಡೆ ತಿರುಗಿದೆ. ಆಗ ಗೋಡೆ ನಡುಗಿತು.

ಅನುಮಾನಕ್ಕೆ ಜಾಗವೇ ಇರಲಿಲ್ಲ. ಕಾಲು ಕಲ್ಲಿನಷ್ಟು ಸ್ಥಿರವಾಗಿತ್ತು, ಗೋಡೆಯ ನಡುಕ ಹಿಮ್ಮಡಿಯಿಂದ ಇಳಿದು ಬೆನ್ನಿಗೆ ಬಂತು. ತಂಬಿಗೆಯ ನೀರು ನೋಡುವ ಗೋಜಿಗೂ ಹೋಗಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಅದುವರೆಗಿನ ಹೆದರಿಕೆಗಳಲ್ಲೆಲ್ಲ, ಕಾಲೇ ಇರಬಹುದು ಎಂಬ ಒಂದು ಸಂದಿ ಇತ್ತು, ನಾನು ಅದರಲ್ಲಿ ನುಸುಳಿಕೊಳ್ಳುತ್ತಿದ್ದೆ. ಅವತ್ತು ಅದೂ ಇರಲಿಲ್ಲ.

ವಾರ್ಡಿಗೆ ಓಡಿದೆವು. ಹಾಸಿಗೆ ಸರಿಸಿದೆವು, ನೀರು ಕಾಯಿಸಿದೆವು. ಸ್ಟ್ರೆಚರುಗಳು ಬಂದವು. ಮುಖಗಳೆಲ್ಲ ಬೂದುಬಣ್ಣದ ಧೂಳಿನಲ್ಲಿ ಒಂದೇ ಆಗಿದ್ದವು. ನಾನು ಮುಖ ನೋಡಲೇ ಇಲ್ಲ, ಪಾದ ನೋಡಿದೆ. ಅಣ್ಣನ ಎಡಗಾಲಿನ ಹೆಬ್ಬೆರಳು ಹಿಂದೊಮ್ಮೆ ನೇಗಿಲು ತಗುಲಿ ಸೊಟ್ಟಗಾಗಿತ್ತು. ಪ್ರತಿ ಪಾದ ನೋಡಿದಾಗಲೂ ಅವನಲ್ಲ ಎಂದು ಉಸಿರು ಬಿಡುತ್ತಿದ್ದೆ, ಆ ಪಾದದವನು ನೀರು ಕೇಳುತ್ತಿದ್ದ. ಕತ್ತಲಾಗುವವರೆಗೂ ನಿಂತೇ ಇದ್ದೆ. ಕಾಲು ಒಂದು ಸಲವೂ ತಪ್ಪಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಣ್ಣ ಗೇಟಿನ ಹತ್ತಿರ ಬಂದ. ಬೇರೆ ಕಡೆ ಕೆಲಸದಲ್ಲಿದ್ದನಂತೆ. ಗಾಯಗೊಂಡವರನ್ನು ಮೇಲೆ ಸಾಗಿಸುವುದರಲ್ಲಿ ತಡವಾಯಿತಂತೆ. ಕೂದಲು, ರೆಪ್ಪೆ ಎಲ್ಲ ಬೂದಿ. ಅವನ ತೋಳು ಹಿಡಿದುಕೊಂಡೆ, ಆಮೇಲೆ ಬೈದೆ, ಆಮೇಲೆ ಅತ್ತೆ.

"ಇನ್ನು ಮ್ಯಾಕೆ ನಾನು ಕಾಲು ಒತ್ತಿಸ್ಕಣಲ್ಲ," ಎಂದೆ. "ಅದು ಅದುರ್ತಾನೇ ಇರ್ಲಿ. ಏನೇ ಆದ್ರೂ ನನ್ ಕಾಲೇ ಅಂದ್ಕಂಡು ಬಿದ್ದಿರ್ತೀನಿ. ಇವತ್ತಿನ ತರ ಗೊತ್ತಾಗೋದು ಬ್ಯಾಡ."

ಅವನಿಗೆ ಅರ್ಥವಾಗಲಿಲ್ಲ ಎಂದುಕೊಂಡೆ. ಅವನು ಮುಖ ಒರೆಸಿಕೊಂಡು, ಒಳಗೆ ನರಳುತ್ತಿದ್ದವರ ಕಡೆ ಕಿವಿಗೊಟ್ಟ.

"ಅಂಗನ್ಬ್ಯಾಡ ಕಣೇ," ಎಂದ. "ಒಂದಿನ ನನ್ನೂ ಎತ್ಕಂಡ್ ಬಂದ್ರೆ ಯಾರು ನೋಡ್ಬೇಕು? ಆವಾಗ ನೀನು ನಿಂತಿರ್ಬೇಕು. ಓಗು, ಒತ್ತಿಸ್ಕ."

ತಮಾಷೆಗೆ ಹೇಳಿದ್ದಲ್ಲ. ಊಟಕ್ಕೆ ಬಾ ಎಂದು ಕರೆದಷ್ಟು ಸರಳವಾಗಿ ಹೇಳಿ, ನಾಳೆ ಮೊದಲ ಪಾಳಿ ಎಂದು ಹೊರಟುಹೋದ. ನಾನು ಕೋಣೆಗೆ ಬಂದೆ. ಅಕ್ಕ ಎಣ್ಣೆ ಬಿಸಿ ಮಾಡಿ ಕೂತಿದ್ದರು. ಅವರ ಮುಂದೆ ಕಾಲು ಚಾಚಿದೆ.