ಬೀಗರ ಊಟಕ್ಕೆ ಹೋದ ನಮ್ಮಜ್ಜಿಯ ಪೈ

"ಅಯ್ಯೋ, ಮಟನ್ನಾ? ಮೊದ್ಲು ಆಚೆ ಇಡಿ ಆಂಟಿ, ಆಚೆ ಇಡಿ!" ಎಂದು ಬೇಕರಿಯವನು ಕೂಗಿದ ರಭಸಕ್ಕೆ ಅಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ನನ್ನತ್ತ ತಿರುಗಿದರು. ಬೇಯಿಸದ ಪೈಗಳ ತಟ್ಟೆ ಹಿಡಿದು ಗೋವಿಂದರಾಜನಗರದ ಆ ಅಂಗಡಿಯ ಮುಂದೆ ಪೆದ್ದಿಯಂತೆ ನಿಂತೆ. ನಮ್ಮ ಹುಬ್ಬಳ್ಳಿಯಲ್ಲಿ ಕ್ರಿಸ್ಮಸ್ ಬಂತೆಂದರೆ ಓಣಿಯವರೆಲ್ಲ ಕೇಕು, ಪೈಗಳನ್ನು ಬೇಕರಿಗೇ ಒಯ್ಯುತ್ತೇವೆ. ಬ್ರೆಡ್ಡು ಬೆಂದ ಮೇಲೆ ಉಳಿದ ಕಾವಿನಲ್ಲಿ ಅವರು ಸುಟ್ಟುಕೊಡುತ್ತಾರೆ. ಇಲ್ಲಿಯ ಬೇಕರಿಗೂ ಮಡಿ ಉಂಟೆಂದು ನನಗೆ ಯಾರು ಹೇಳಿದ್ದರು? "ಮತ್ತ ಎಗ್ ಪಫ್ ಇಟ್ಟೀರಲ್ರೀ?" ಎಂದೆ. "ಅದು ಬೇರೆ ಆಂಟಿ, ಇದು ಬೇರೆ" ಎಂದ. ಹೇಗೆ ಬೇರೆಯೋ ಇವತ್ತಿಗೂ ನನಗೆ ತಿಳಿದಿಲ್ಲ.

ನನ್ನ ಗಂಡನಿಗೆ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ಬಂದ ಮೊದಲ ವರ್ಷವದು. ಮೆಟ್ರೋ ಎಂಬುದು ಆಗಿನ್ನೂ ಪೇಪರಿನ ಸುದ್ದಿ. ಬಾಡಿಗೆ ಮನೆ ಹುಡುಕುವಾಗ ಮೊದಲು ಹೆಸರು ಕೇಳುತ್ತಿದ್ದರು, ಆಮೇಲೆ "ನಾನ್‌ವೆಜ್ಜಾ?" ಎನ್ನುತ್ತಿದ್ದರು, ಆಮೇಲೆ ಮನೆಯೇ ಖಾಲಿ ಇಲ್ಲ ಎನ್ನುತ್ತಿದ್ದರು. ನನ್ನ ಕನ್ನಡ ಕೇಳಿ ತರಕಾರಿ ಗಾಡಿಯವನು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ. ಅಂಥದರಲ್ಲಿ ಮಾಳಿಗೆಯ ಮೇಲಿನ ಮನೆ ಕೊಟ್ಟವರು ಜಯಮ್ಮ. ಬಡಾವಣೆ ಆಗುವ ಮೊದಲು ಅಲ್ಲೆಲ್ಲ ಅವರ ಮಾವನವರ ರಾಗಿ ಹೊಲವಿತ್ತಂತೆ. "ನಾವೂ ತಿನ್ನೋರೇ ಕಣಮ್ಮ. ಸೋಮವಾರ, ಶನಿವಾರ ಮಾತ್ರ ವಾಸ್ನೆ ಬರ್ಬಾರ್ದು ಅಷ್ಟೇ" ಎಂದರು. ಅವತ್ತು ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಗಿತ್ತು.

ತಟ್ಟೆ ಸಮೇತ ವಾಪಸು ಬಂದ ನನ್ನನ್ನು ನೋಡಿ ಜಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, ಅಟ್ಟದ ಮೇಲಿದ್ದ ದುಂಡನೆಯ ಕರೆಂಟ್ ಓವನ್ ಇಳಿಸಿ ಒರೆಸಿ ಕೊಟ್ಟರು. ಬೆಂದ ಪೈ ಮುರಿದು ಬಾಯಿಗಿಟ್ಟುಕೊಂಡು, "ಚೆನ್ನಾಗೇನೋ ಇದೆ ಕಣೇ, ಆದ್ರೆ ಒಣಗ್ಲು. ಆಲೂಗಡ್ಡೆ ತೆಗ್ದು ಹಿತಕಿದಬೇಳೆ ಹಾಕ್ ನೋಡು" ಎಂದರು.

ಆಲೂಗಡ್ಡೆ ತೆಗೆಯುವುದೇ? ಆ ಪೈ ನಮ್ಮಜ್ಜಿಯದು. ಅವಳು ಗದಗಿನಲ್ಲಿ ಪಾದ್ರಿಗಳ ಬಂಗಲೆಯಲ್ಲಿ ಅಡಿಗೆಗಿದ್ದಾಗ ದೊರೆಸಾನಿಯಿಂದ ಕಲಿತದ್ದು. ಬೆಣ್ಣೆ ಹಾಕಿ ನಾದಿದ ಮೈದಾ ಹಿಟ್ಟಿನೊಳಗೆ ಖೀಮಾ, ಆಲೂಗಡ್ಡೆ, ಉಳ್ಳಾಗಡ್ಡಿ, ಕರಿಮೆಣಸು, ಮುಗಿಯಿತು. ಅದಕ್ಕೆ ಒಂದೆಳೆ ಕೊತ್ತಂಬರಿ ಹೆಚ್ಚು ಹಾಕಲೂ ನಮ್ಮವ್ವ ಬಿಡುತ್ತಿರಲಿಲ್ಲ. ಆದರೆ ಚಳಿಗಾಲದ ಬೆಂಗಳೂರಿನಲ್ಲಿ ಅವರೆಕಾಯಿಯಿಂದ ತಪ್ಪಿಸಿಕೊಳ್ಳುವುದುಂಟೇ? ಕಾಳು ನೆನೆಸಿ, ಬೆರಳಲ್ಲಿ ಹಿತುಕಿದರೆ ಸಿಪ್ಪೆ ಬಿಟ್ಟು ಬೇಳೆ ಪುಳಕ್ಕೆಂದು ಹಾರುತ್ತದೆ, ಅದೇ ಹಿತಕಿದಬೇಳೆ. ಮಧ್ಯಾಹ್ನವೆಲ್ಲ ಮೆಟ್ಟಿಲ ಮೇಲೆ ಕೂತು ಇಬ್ಬರೂ ಹಿತುಕಿದೆವು. ಹಸಿಮೆಣಸಿನಕಾಯಿ, ಗಸಗಸೆ, ಕಾಯಿ ರುಬ್ಬಿ, ಸಬ್ಬಸಿಗೆ ಸೊಪ್ಪು ಹೆಚ್ಚಿ ಹಾಕಿ ಮಾಡಿದ ಆ ಪೈ ಇತ್ತಲ್ಲ, ಸುಳ್ಳೇಕೆ ಹೇಳಲಿ, ಅಮೃತವಾಗಿತ್ತು. "ನೀನು ನನ್ನ ಎರಡ್ನೇ ಮಗಳು ಕಣೇ ಕರುಣಾ" ಎಂದರು ಜಯಮ್ಮ. ನಾನು ನಂಬಿದೆ. ಆ ಊರಿನಲ್ಲಿ ನನ್ನವರು ಎನ್ನಲು ಅವರೊಬ್ಬರೇ ಇದ್ದರು.

ಸಂಕ್ರಾಂತಿ ಕಳೆದ ಮೇಲೆ ಅವರ ಮಗಳು ರೂಪಾಳ ಮದುವೆಯಾಯಿತು. ಈ ಕಡೆ ಮದುವೆಯಲ್ಲಿ ಸಿಹಿಯೂಟ. ಅದಾದ ಮೇಲೆ ಹೊಸ ನೆಂಟರನ್ನು ಕರೆದು ಬಾಡೂಟ ಹಾಕುತ್ತಾರೆ, ಅದು ಬೀಗರ ಊಟ. ಅದರಲ್ಲಿ ಕೊರತೆಯಾದರೆ ಹುಡುಗಿ ಜೀವಮಾನವೆಲ್ಲ ಮಾತು ಕೇಳಬೇಕು. "ನಿನ್ನ ಪೈ ಇಡೋಣ. ಬೀಗ್ರು ಬೆರಗಾಗ್ಬೇಕು" ಎಂದರು ಜಯಮ್ಮ. ಬೆಳಗಿನಿಂದ ಓವನ್ ಮುಂದೆ ಬೆಂದು, ಒಳ್ಳೆಯ ಇಳಕಲ್ ಸೀರೆಯುಟ್ಟು, ಪಂಕ್ತಿಯಲ್ಲಿ ನಾನೇ ಬಡಿಸಿದೆ.

ಹುಡುಗನ ತಾಯಿ ಎರಡು ತಿಂದು ಮೂರನೆಯದಕ್ಕೆ ಕೈ ಹಾಕಿದರು. "ಇದೇನ್ರೀ ಬೀಗಿತ್ತಿ, ಇಷ್ಟು ರುಚಿ! ಯಾರು ಕಲಿಸಿದ್ದು?"

"ನಮ್ಮತ್ತೆ ಕಾಲದಿಂದ್ಲೂ ಮಾಡ್ತೀವಿ" ಎಂದರು ಜಯಮ್ಮ.

ನಾನು ತಮಾಷೆಯೆಂದುಕೊಂಡು ನಕ್ಕೆ. ಹುಡುಗನ ತಾಯಿಯ ಕಣ್ಣು ಕುಂಕುಮವಿಲ್ಲದ ನನ್ನ ಹಣೆಯ ಮೇಲೆ ನಿಂತಿತು. "ಈ ಹುಡುಗಿ ಯಾರು?"

ಜಯಮ್ಮ ನನ್ನ ಮುಖ ನೋಡಲಿಲ್ಲ. "ಮನೆ ಕೆಲಸದೋಳು. ಪಾತ್ರೆ ಗೀತ್ರೆ ತೊಳೀತಾಳೆ. ಹೋಗಮ್ಮ, ನೀರು ತಗೊಂಡ್ಬಾ."

ನಾನು ನೀರು ತಂದೆ. ತರಬಾರದಿತ್ತು, ಆದರೂ ತಂದೆ.

ನೆಂಟರೆಲ್ಲ ಹೊರಟ ಮೇಲೆ ಕೇಳಿದೆ: "ಹಂಗ್ಯಾಕ ಅಂದ್ರಿ ಅಕ್ಕಾರ?"

"ಇನ್ನೇನ್ ಹೇಳ್ಲಿ? ಮುಂದೆ ಯಾವ ಜನ ಅಂತ ಕೇಳೋರು. ನಿಜ ಹೇಳಿದ್ರೆ ಎಲೆ ಬಿಟ್ಟು ಎದ್ದೋಗೋರು. ರೂಪಾ ಬಾಳು ಕಣೇ ಅದು. ನೀನು ಮನೆಯೋಳಲ್ವಾ, ಅಷ್ಟೂ ಅರ್ಥ ಆಗಲ್ವಾ?"

ಅರ್ಥವಾಗುತ್ತದೆ. ಹೆತ್ತ ಹೊಟ್ಟೆಯ ಹೆದರಿಕೆ ನನಗೂ ಗೊತ್ತು. ಆದರೂ ನಂಬಿಸಿ ಕುತ್ತಿಗೆ ಕೊಯ್ದರು ಎಂದೇ ಅನಿಸಿತು, ಇವತ್ತಿಗೂ ಅನಿಸುತ್ತದೆ. ಬಾಗಿಲು ಮುಚ್ಚಿದ್ದ ಆ ನೂರು ಮನೆಯವರ ಮೇಲೆ ನನಗೆ ಇಷ್ಟು ಸಿಟ್ಟಿಲ್ಲ. ಅವರು ಮಗಳೇ ಎಂದು ಕರೆದಿರಲಿಲ್ಲವಲ್ಲ. ಬೇರೆ ಮನೆ ಸಿಗುವುದು ಸುಲಭವಿರಲಿಲ್ಲ, ಅಲ್ಲಿಯೇ ಉಳಿದೆವು. ಜಯಮ್ಮ ಮಾತಾಡಿಸುತ್ತಿದ್ದರು, ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದೆ. ಪೈ ಮಾತ್ರ ಮತ್ತೆ ಮಾಡಲಿಲ್ಲ.

ಮುಂದಿನ ಕ್ರಿಸ್ಮಸ್ಸಿಗೆ ಹುಬ್ಬಳ್ಳಿಗೆ ಹೋದೆ. ನಮ್ಮವ್ವ ಅಜ್ಜಿಯ ಪೈ ಅಜ್ಜಿಯ ಹಾಗೆಯೇ ಮಾಡಿ, ಓಣಿಯ ಬೇಕರಿಯಲ್ಲಿ ಸುಡಿಸಿ ತಂದು ನನ್ನ ಮುಂದಿಟ್ಟಳು. ವರ್ಷದಿಂದ ಕಾದಿದ್ದ ತುತ್ತು ಅದು. ಕಚ್ಚಿದೆ. ಹಾಳು ನಾಲಿಗೆ, ಅದೂ ಕೈಕೊಟ್ಟಿತು! ಆಲೂಗಡ್ಡೆಯ ನಡುವೆ ಅವರೆಬೇಳೆಯನ್ನೇ ಹುಡುಕಿತು.

"ಯಾಕ, ಸೇರವಲ್ದೇನು?" ಎಂದಳು ಅವ್ವ.

"ಏನೋ ಕಡಿಮಿ ಆದಂಗ ಐತಿ" ಎಂದುಬಿಟ್ಟೆ.

ಅಷ್ಟರಲ್ಲಿ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು, "ಮಗಳು ಬಂದಾಳೇನ್ರೀ?" ಎಂದು ಕೇಳಿದರು.

ಅವ್ವ ನನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಾ ಹೇಳಿದಳು: "ಹೂಂ ರೀ, ಬೆಂಗಳೂರಾಕಿ ಬಂದಾಳ. ನಾಕ ದಿನ ಇದ್ದು ಹೊಕ್ಕಾಳ."