ವಾಚಕ್ಕ ಮತ್ತು ಟೀಚರಮ್ಮನ ಮನೆಯ ಸೆನ್ಸರ್

ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಕೈಗಡಿಯಾರ ರಿಪೇರಿ ಮಾಡಿದವಳು ವಾಚಕ್ಕ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಗಿರಾಕಿಗಳು ಕರಗಿದರು. ಆಗ ಅವಳನ್ನು ಕರೆದದ್ದು ವಯಸ್ಸಾದವರ ಮನೆಗಳಿಗೆ ಸೆನ್ಸರ್ ಜೋಡಿಸುವ ಒಂದು ಸಣ್ಣ ಸಂಸ್ಥೆ. ಸೆನ್ಸರ್ ಎಂದರೆ ಬೆಂಕಿಪೊಟ್ಟಣದಷ್ಟು ಪುಟ್ಟ ಡಬ್ಬಿ, ವೈರಿನ ಗೊಡವೆಯಿಲ್ಲ. ಎದುರಿಗೆ ಯಾರಾದರೂ ಓಡಾಡಿದರೆ ಎಚ್ಚೆತ್ತು ಆಸ್ಪತ್ರೆಯ ನರ್ಸಿಗೆ ಸುದ್ದಿ ಕಳಿಸಿ ಮತ್ತೆ ನಿದ್ದೆಹೋಗುತ್ತದೆ. ಒಂದು ಸೆಲ್ ಎರಡು ವರ್ಷ ಬಾಳಬೇಕು.

ನಿವೃತ್ತ ಟೀಚರಮ್ಮನ ಮನೆಯಲ್ಲಿ ಮಾತ್ರ ಅದು ಆರೇ ವಾರಕ್ಕೆ ಕೈಕೊಡುತ್ತಿತ್ತು. ಆಫೀಸಿನವರು ಎರಡು ಸಲ ಡಬ್ಬಿಯನ್ನೇ ಬದಲಾಯಿಸಿ ಸುಸ್ತಾಗಿದ್ದರು. ವಾಚಕ್ಕ ಒಂದು ಬೆಳಗ್ಗೆ ಪೂರ್ತಿ ಆ ಕೋಣೆಯಲ್ಲಿ ಸುಮ್ಮನೆ ಕೂತಳು. ಕಾರಣ ಸಿಕ್ಕಿತು. ಬಿಸಿಲಿಗೆ ಕಾದ ಕಿಟಕಿ ಪರದೆ ಫ್ಯಾನಿನ ಗಾಳಿಗೆ ಅಲ್ಲಾಡಿದಾಗಲೆಲ್ಲ ಡಬ್ಬಿ ಎಚ್ಚರಗೊಳ್ಳುತ್ತಿತ್ತು.

ಡಬ್ಬಿಯನ್ನು ಮಂಚದ ಎದುರಿಗೆ ಹಾಕುತ್ತೇನೆ ಎಂದು ವಾಚಕ್ಕ ಹೇಳಿದಾಗ ಟೀಚರಮ್ಮ ಕೆರಳಿದರು. "ನಲವತ್ತು ವರ್ಷ ಮಕ್ಕಳ ಮೇಲೆ ಕಣ್ಣಿಟ್ಟೋಳು ನಾನು. ಈಗ ನನ್ನ ಮೇಲೇ ಕಣ್ಣಿಡೋಕೆ ಬಂದ್ಯಾ?"

"ಇದಕ್ಕೆ ಕಣ್ಣೇ ಇಲ್ಲ ಟೀಚರಮ್ಮ. ಯಾರೋ ಹಾದುಹೋದ್ರು ಅಂತ ಮಾತ್ರ ಗೊತ್ತಾಗುತ್ತೆ. ಎಲ್ಲಿ ಹಾಕ್ಲಿ, ನೀವೇ ಹೇಳಿ."

ಇಷ್ಟು ದಿನ ಅವರನ್ನು ಯಾರೂ ಹಾಗೆ ಕೇಳಿರಲಿಲ್ಲ. ಟೀಚರಮ್ಮ ಅಡುಗೆಮನೆಗೆ ಹೋಗುವ ಓಣಿಯತ್ತ ಊರುಗೋಲು ತೋರಿಸಿದರು.

ಐದು ತಿಂಗಳು ಸೆಲ್ ಜಗ್ಗಲಿಲ್ಲ. ಆಮೇಲೊಂದು ವಾರ, ಓಣಿಯಲ್ಲಿ ಟೀಚರಮ್ಮನ ಓಡಾಟ ಅರ್ಧಕ್ಕಿಳಿದದ್ದು ನರ್ಸಿನ ಕಣ್ಣಿಗೆ ಬಿತ್ತು. ಪರದೆಯ ಸುಳ್ಳು ಸುದ್ದಿಗಳ ಗಲಾಟೆಯಿದ್ದಿದ್ದರೆ ಅದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ನರ್ಸ್ ಫೋನ್ ಮಾಡಿದರೆ ಟೀಚರಮ್ಮ ಗುಂಡುಕಲ್ಲಿನ ಹಾಗಿದ್ದೇನೆ ಎಂದುಬಿಟ್ಟರು. ನರ್ಸ್ ನಂಬದೆ ಮನೆಗೇ ಬಂದಳು. ಪಾದಗಳು ಊದಿಕೊಂಡಿದ್ದವು, ನಾಲ್ಕು ಹೆಜ್ಜೆಗೆ ಏದುಸಿರು. ಕೂಡಲೇ ಆಸ್ಪತ್ರೆಗೆ ಕರೆದೊಯ್ದಳು. ಹೃದಯ ಸೋತು ಮೈಯಲ್ಲಿ ನೀರು ತುಂಬುತ್ತಿದೆ, ಸರಿಯಾದ ಹೊತ್ತಿಗೆ ಬಂದಿರಿ ಎಂದರು ಡಾಕ್ಟರು. ಮಾತ್ರೆ ಶುರುವಾಗಿ ಮೂರು ವಾರಕ್ಕೆ ಟೀಚರಮ್ಮ ಮತ್ತೆ ಅಡುಗೆಮನೆ ಸೇರಿದರು.

ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸು ಎಂದು ಸಂಸ್ಥೆ ವಾಚಕ್ಕನಿಗೆ ಹೇಳಿತು. ನಾಲ್ಕು ಜನರ ಮುಂದೆ ನಿಂತು ಮಾತಾಡಿ ಅಭ್ಯಾಸವಿಲ್ಲದ ಅವಳು, ಮೊದಲು ಒಮ್ಮೆ ಹೇಳಿ ನೋಡೋಣವೆಂದು ನೇರವಾಗಿ ಟೀಚರಮ್ಮನ ಮನೆಗೆ ಹೋದಳು. ಅವರು ಕುರ್ಚಿ ಎಳೆದು ಕೂತು, "ಹೂಂ, ಶುರುಮಾಡು. ನೆಲ ನೋಡ್ಬೇಡ, ನನ್ನ ನೋಡು," ಎಂದರು. ವಾಚಕ್ಕ ತಲೆಯೆತ್ತಿ ತನ್ನ ಮೊದಲ ಪಾಠ ಒಪ್ಪಿಸತೊಡಗಿದಳು: ಡಬ್ಬಿ ಕೈಗೆ ತಗೊಳ್ಳೋ ಮುಂಚೆ ಮನೆಯವರ ಹತ್ತಿರ ಕೂತು ಮಾತಾಡಬೇಕು.